ಕೇರಿಯ ಕೂಸಿನ ‘ಯಾಕೆ’

ನಮ್ಮ ಕೇರಿಯ ಮೂರು ವರ್ಷದ ಕೂಸಿನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ‘ಯಾಕೆ’. ಯಾಕೆ ಕೋಳಿ ಮ್ಯಾಲಕ್ಕೆ ಹಾರಲ್ಲ? ಯಾಕೆ ಚಂದ್ರ ನಮ್ಮ ಹಿಂದೇನೆ ಬತ್ತನೆ? ಯಾಕೆ ಅವ್ವ ಆ ಮನೆ ಮುಂದೆ ಹೊರಗೇ ನಿಂತಿರ್ತಳೆ? ಮೊದಲ ಎರಡಕ್ಕೆ ನಾವು ನಗುತ್ತೇವೆ. ಮೂರನೆಯದಕ್ಕೆ ಹೊಡೆಯುತ್ತೇವೆ.

ಹತ್ತು ವರ್ಷ ತುಂಬುವ ಹೊತ್ತಿಗೆ ಆ ಕೂಸಿನ ಬಾಯಲ್ಲಿ ‘ಯಾಕೆ’ ಇರುವುದಿಲ್ಲ. ಚಂದ್ರನ ಬಗ್ಗೆಯೂ ಇಲ್ಲ, ಕೋಳಿಯ ಬಗ್ಗೆಯೂ ಇಲ್ಲ. ಆಮೇಲೆ ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಾರೆ: ‘ಈ ಕೇರಿ ಹೈಕಳಿಗೆ ಯೋಚನೆ ಮಾಡೋಕೇ ಬರಲ್ಲ.’

ಇದನ್ನು ಬರೆಯುತ್ತಿರುವ ನಾವು ನಾಲ್ವರು. ಒಬ್ಬಳು ಊರ ಅಂಗನವಾಡಿಯಲ್ಲಿ ಸಹಾಯಕಿ. ಒಬ್ಬ ಡಿ.ಎಡ್. ಮುಗಿಸಿ ಕೆಲಸ ಸಿಗದೆ ಕೂಲಿಗೆ ಹೋಗುವವನು. ಒಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ದುಡಿದು ಬೆನ್ನು ನೋವು ತಂದುಕೊಂಡು ವಾಪಸು ಬಂದವಳು. ಇನ್ನೊಬ್ಬ ಗಾರೆ ಕೆಲಸದವನು. ನಾಲ್ವರೂ ಒಂದೇ ಕೇರಿಯವರು. ನಾಲ್ವರಿಗೂ ಚಿಕ್ಕಂದಿನಲ್ಲಿ ‘ಯಾಕೆ’ ಎಂದದ್ದಕ್ಕೆ ಏಟು ಬಿದ್ದಿದೆ.

ಆ ಏಟು ಎಲ್ಲಿ ಬಿತ್ತು ಎನ್ನುವುದು ನಾಲ್ವರಿಗೂ ನೆನಪಿದೆ. ಮಾರಿಗುಡಿ ಜಗಲಿಯ ಮೇಲೆ ಊರ ಹೈಕಳು ಗೋಲಿ ಆಡುತ್ತಿದ್ದವು. ನಾವು ಕೆಳಗೆ ಬಿಸಿಲಲ್ಲಿ ನಿಂತಿದ್ದೆವು. ‘ನಾವ್ಯಾಕವ್ವ ಹತ್ತಬಾರ್ದು?’ ಎಂದು ಕೇಳಿದ್ದೇ ತಡ, ಅವ್ವ ಸುತ್ತ ನೋಡಿ, ಬಾಯಿ ಮೇಲೇ ಬಾರಿಸಿದಳು. ‘ಬಾಯಿ ಮುಚ್ಗ, ಯಾರಾರ ಕೇಳಿಸ್ಕಂಡರು.’ ಅವ್ವನಿಗೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಮ್ಮನ್ನು ಉಳಿಸಿಕೊಳ್ಳಲು ಅವಳು ನಮ್ಮ ಪ್ರಶ್ನೆಯನ್ನು ಕೊಂದಳು. ಇದು ಅರ್ಥವಾಗಲು ನಮಗೆ ಮೂವತ್ತು ವರ್ಷ ಬೇಕಾಯಿತು.

ಈಗ ಎರಡು ವರ್ಷದಿಂದ ಸಂಜೆ ಹೊತ್ತು ಕೇರಿಯ ಅಂಬೇಡ್ಕರ್ ಭವನದ ಮುಂದೆ, ಬೇವಿನ ಮರದಡಿ, ಮೂರರಿಂದ ಆರು ವರ್ಷದೊಳಗಿನ ಹೈಕಳನ್ನು ಕೂಡಿಸಿಕೊಂಡು ಕೂರುತ್ತಿದ್ದೇವೆ. ಅ ಆ ಇ ಈ ತಿದ್ದಿಸುವುದಿಲ್ಲ. ಎ ಬಿ ಸಿ ಡಿ ಉರು ಹೊಡೆಸುವುದಿಲ್ಲ. ಯೋಚನೆ ಮಾಡಿಸುತ್ತೇವೆ, ಅಷ್ಟೆ. ಅದರ ಕತೆ ಇದು.

*

ಇದು ಶುರುವಾದದ್ದು ಒಂದು ಅವಮಾನದಿಂದ. ನಮ್ಮ ಅಕ್ಕನೊಬ್ಬಳು ಕೂಡಿಟ್ಟ ದುಡ್ಡು ಕಟ್ಟಿಕೊಂಡು ನಾಲ್ಕು ವರ್ಷದ ಮಗನನ್ನು ಪೇಟೆಯ ಒಂದು ಕಾನ್ವೆಂಟಿಗೆ ಸೇರಿಸಲು ಹೋದಳು. ಅಲ್ಲಿ ಹುಡುಗನಿಗೆ ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳು ಎಂದರು. ಅವನು ಸುಮ್ಮನೆ ನಿಂತ. ‘ಈ ಮಗುವಿಗೆ ಲಾಜಿಕಲ್ ಥಿಂಕಿಂಗ್ ಇಲ್ಲ, ಮುಂದಿನ ವರ್ಷ ಬನ್ನಿ’ ಎಂದು ಕಳಿಸಿದರು. ಆ ಮಾತಿನ ಅರ್ಥ ಅಕ್ಕನಿಗೆ ಗೊತ್ತಿರಲಿಲ್ಲ. ಬಂದು ನಮ್ಮನ್ನು ಕೇಳಿದಳು: ‘ಅದೇನೋ ಇಲ್ವಂತೆ ಕಣಪ್ಪ ಇವನಿಗೆ. ಔಷಧಿ ಏನಾರ ಕೊಡ್ಸಬೇಕಾ?’

ಆ ಹುಡುಗ ಹಿಂದಿನ ವಾರವಷ್ಟೇ ಮಾರಿಹಬ್ಬದ ಗುಡ್ಡೆಬಾಡಿನ ಹತ್ತಿರ ಕೂತಿದ್ದನ್ನು ನಾವು ನೋಡಿದ್ದೆವು. ಗುಡ್ಡೆಬಾಡು ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹನ್ನೆರಡು ಮನೆ ಸೇರಿ ಮರಿ ತಂದರೆ ಹನ್ನೆರಡು ಎಲೆ ಹಾಸಿ, ಹನ್ನೆರಡು ಗುಡ್ಡೆ. ತಕ್ಕಡಿ ಇಲ್ಲ. ತೊಡೆಯ ತುಂಡು ಎಲ್ಲ ಗುಡ್ಡೆಗೂ ಒಂದೊಂದು, ಈಲಿ ಒಂದೊಂದು, ಬೋಟಿ ಒಂದೊಂದು ಹಿಡಿ, ಮೂಳೆ ಒಂದೊಂದು. ಒಂದು ಗುಡ್ಡೆ ಸಣ್ಣಗೆ ಕಂಡರೆ ಪಕ್ಕದ್ದರಿಂದ ತೆಗೆದು ಇದಕ್ಕೆ. ಕೊನೆಗೆ ಒಬ್ಬ ಬೆನ್ನು ತಿರುಗಿಸಿ ಕೂರುತ್ತಾನೆ. ಇನ್ನೊಬ್ಬ ಗುಡ್ಡೆ ಮುಟ್ಟಿ ‘ಇದು ಯಾರ್ದು?’ ಅನ್ನುತ್ತಾನೆ. ಬೆನ್ನು ತಿರುಗಿಸಿದವನು ಹೆಸರು ಕೂಗುತ್ತಾನೆ.

ಆ ನಾಲ್ಕು ವರ್ಷದ ಹುಡುಗ ಎಲೆ ಎಣಿಸಲು ಬಾರದಿದ್ದರೂ ಒಂದೊಂದು ಎಲೆಗೂ ಒಂದೊಂದು ಮೂಳೆ ಇಡುತ್ತ ಹೋದ. ಒಂದು ಎಲೆ ಖಾಲಿ ಉಳಿಯಿತು. ‘ಒಂದ್ ಸಾಲಲಿಲ್ಲ’ ಅಂದ. ಆಮೇಲೆ ಕೇಳಿದ: ‘ಅಣ್ಣ ಯಾಕೆ ಅತ್ಲಾಗ್ ತಿರಿಕ್ಕಂಡ್ ಕೂತವನೆ?’ ಅವರ ತಾತ ಹೇಳಿತು: ‘ನೋಡ್ಕಂಡು ಕೂಗುದ್ರೆ ತಂಗೆ ಬೇಕಾದೋರ್ಗೆ ದೊಡ್ಡ್ ಗುಡ್ಡೆ ಕೊಡ್ತನೆ ಕಣ್ಲ, ಅದುಕ್ಕೆ.’ ಹುಡುಗ ಒಂದು ಗಳಿಗೆ ಯೋಚಿಸಿ, ‘ಹಂಗಾರೆ ಕಣ್ಣು ಕಟ್ಟುದ್ರೂ ಆಯ್ತದೆ’ ಅಂದ.

ಬೆನ್ನು ತಿರುಗಿಸುವುದರ ಕಾರಣ ಏನು ಎಂದು ತಿಳಿದು, ಅದೇ ಕಾರಣ ಬೇರೆ ದಾರಿಯಲ್ಲೂ ಈಡೇರುತ್ತದೆ ಎಂದು ಕಂಡುಕೊಂಡ ಕೂಸು ಅದು. ಅದಕ್ಕೆ ತರ್ಕವಿಲ್ಲ ಎಂದು ಕಾನ್ವೆಂಟಿನವರು ಬರೆದರು, ರೆಡ್ಡು ಬ್ಲೂ ಗೊತ್ತಿಲ್ಲವೆಂದು.

ಕೇರಿಯ ಕೂಸಿಗೆ ತರ್ಕವನ್ನು ಹೊರಗಿನಿಂದ ತಂದು ತುಂಬಬೇಕಿಲ್ಲ. ಇರುವುದನ್ನು ನಾವು ಮುರಿಯದಿದ್ದರೆ ಸಾಕು. ಆದರೆ ಮುರಿಯದೆ ಇರುವುದೇ ದೊಡ್ಡ ಕೆಲಸ ಎಂದು ನಮಗೆ ಆಮೇಲೆ ಗೊತ್ತಾಯಿತು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಕೋಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ನೋಡಿತು. ತರಕಾರಿ ಮಾರುವಾಗ ಮನಸ್ಸಿನಲ್ಲೇ ಲೆಕ್ಕ ಹಾಕಿ ಸರಿಯಾದ ಚಿಲ್ಲರೆ ಕೊಡುವ ಮಕ್ಕಳು ಅದೇ ಲೆಕ್ಕವನ್ನು ಶಾಲೆಯ ರೀತಿ ಹಾಳೆಯಲ್ಲಿ ಕೊಟ್ಟರೆ ತಡವರಿಸಿದರು. ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು. ಬುದ್ಧಿ ಎರಡೂ ಕಡೆ ಇದೆ, ನಡುವೆ ಸೇತುವೆ ಇಲ್ಲ. ಆ ಸೇತುವೆಯನ್ನು ಒಂದನೇ ಕ್ಲಾಸಿಗೆ ಮೊದಲೇ ಕಟ್ಟಲು ಶುರು ಮಾಡೋಣ ಎಂದು ಮರದಡಿ ಕೂತೆವು.

*

ತರ್ಕ ಎಂದ ಕೂಡಲೆ ಪಂಡಿತರ ನ್ಯಾಯಶಾಸ್ತ್ರ ನೆನಪಾಗಿ ನಮ್ಮ ಜನ ಹೆದರುತ್ತಾರೆ. ಮೂರು ನಾಲ್ಕು ವರ್ಷದ ಕೂಸಿನ ತರ್ಕ ನಾಲ್ಕೈದು ಸಣ್ಣ ಕೆಲಸ, ಅಷ್ಟೆ. ಒಂದೇ ಥರದವನ್ನು ಒಟ್ಟು ಮಾಡುವುದು. ಸಣ್ಣದರಿಂದ ದೊಡ್ಡದಕ್ಕೆ ಸಾಲಿಡುವುದು. ಇದಕ್ಕೆ ಇದು, ಅದಕ್ಕೆ ಅದು ಎಂದು ಜೋಡಿ ಮಾಡುವುದು. ‘ಹಿಂಗ್ ಮಾಡುದ್ರೆ ಏನಾಯ್ತದೆ’ ಎಂದು ಮೊದಲೇ ಊಹಿಸಿ, ಆಮೇಲೆ ಮಾಡಿ ನೋಡುವುದು. ಎಲ್ಲಕ್ಕಿಂತ ಮುಖ್ಯ, ತಾನು ಹೇಳಿದ್ದಕ್ಕೆ ಕಾರಣ ಕೊಡುವುದು.

ಇದಕ್ಕೆ ದುಡ್ಡಿನ ಆಟಿಕೆ ಬೇಡ. ನಾವು ಹುಣಸೆಬೀಜ, ಹಲಸಿನ ಬೀಜ, ಅವರೆಕಾಳು, ನುಣುಪು ಕಲ್ಲು, ಸೋಡಾ ಬಾಟ್ಲಿ ಮುಚ್ಚಳ ಕೂಡಿಹಾಕಿದೆವು. ಗಾರ್ಮೆಂಟ್ಸಿನಿಂದ ಬಂದವಳು ಒಂದು ಡಬ್ಬ ಗುಂಡಿ ತಂದಳು. ಗುಲಗಂಜಿ, ಹರಳುಬೀಜ ಮಾತ್ರ ಇಡಬೇಡಿ. ನೋಡಲು ಚೆಂದ, ಅಗಿದು ನುಂಗಿದರೆ ವಿಷ. ತೀರಾ ಎಳೆಕೂಸು ಜೊತೆಗಿದ್ದರೆ ಗುಂಡಿ, ಬೀಜಗಳೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಎಲ್ಲವನ್ನೂ ಚಾಪೆಯ ಮೇಲೆ ಸುರಿದು ‘ಬ್ಯಾರೆ ಬ್ಯಾರೆ ಮಾಡಿ’ ಎಂದೆವು. ಹೇಗೆ ಎಂದು ಹೇಳಲಿಲ್ಲ. ಕೆಲವು ಬಣ್ಣ ನೋಡಿ ಮಾಡಿದವು, ಕೆಲವು ದಪ್ಪ ನೋಡಿ. ಒಬ್ಬ ಹುಡುಗ ಒಂದು ಹುಣಸೆಬೀಜ, ಒಂದು ಗುಂಡಿ, ಎರಡು ಕಲ್ಲು, ಒಂದು ಮುಚ್ಚಳ ಒಟ್ಟಿಗಿಟ್ಟು ಕೂತ. ನಮ್ಮ ಡಿ.ಎಡ್. ಗೆಳೆಯನಿಗೆ ತಪ್ಪು ಎನ್ನುವ ಮಾತು ನಾಲಿಗೆ ತುದಿಗೆ ಬಂತು. ತಡೆದುಕೊಂಡು ಕೇಳಿದ: ‘ಇವ್ನೆಲ್ಲ ಯಾಕ್ಲ ಒಟ್ಟಿಗಿಟ್ಟೆ?’

‘ಇವು ನೀರೊಳಕ್ ಹಾಕುದ್ರೆ ಮುಳುಗ್ತವೆ’ ಅಂತು ಕೂಸು.

ನಾವು ಬಕೆಟ್ಟು ತಂದೆವು. ಕಲ್ಲು ಮುಳುಗಿತು, ಬೀಜ ಮುಳುಗಿತು. ಮುಚ್ಚಳ ಅಂಗಾತ ಬಿದ್ದು ತೇಲಿತು. ಹುಡುಗ ಅದನ್ನೇ ನೋಡಿದ, ಬೆರಳಲ್ಲಿ ಒತ್ತಿದ, ನೀರು ತುಂಬಿ ಮುಳುಗಿತು. ಮತ್ತೆ ತೆಗೆದು ಮೆಲ್ಲಗೆ ಇಟ್ಟ, ತೇಲಿತು. ಎಷ್ಟೋ ಹೊತ್ತು ಸುಮ್ಮನಿದ್ದ. ಗೆಳೆಯರೆ, ಆ ಸುಮ್ಮನಿರುವ ಹೊತ್ತಿದೆಯಲ್ಲ, ಅದಕ್ಕೆ ಬಾಯಿ ಹಾಕಬೇಡಿ. ಕೂಸು ಯೋಚಿಸುವುದು ಆವಾಗಲೇ. ‘ಹೇಳು ಹೇಳು’ ಎಂದು ಅವಸರ ಮಾಡಿದರೆ ಅದು ನಮ್ಮ ಮುಖ ನೋಡಿ, ನಮಗೆ ಬೇಕಾದ್ದನ್ನು ಹೇಳುತ್ತದೆ. ದೊಡ್ಡವರ ಮುಖ ನೋಡಿ ಮಾತಾಡುವುದನ್ನು ನಮ್ಮ ಕೇರಿ ಸಾವಿರ ವರ್ಷ ಕಲಿತಿದೆ. ಅದನ್ನೇ ಮತ್ತೆ ಕಲಿಸುವುದು ಬೇಡ.

*

ಸ್ವಿಜರ್ಲೆಂಡಿನ ಜೀನ್ ಪಿಯಾಜೆ (1896–1980) ಮಕ್ಕಳ ಯೋಚನೆಯ ಬಗ್ಗೆ ಬಹಳ ಕೆಲಸ ಮಾಡಿದವರು. ಅವರ ಒಂದು ಪರೀಕ್ಷೆ ಡಿ.ಎಡ್. ಓದಿದವರಿಗೆಲ್ಲ ಗೊತ್ತು. ಒಂದೇ ಅಳತೆಯ ಎರಡು ಲೋಟದಲ್ಲಿ ಸಮಸಮ ನೀರು ಹಾಕಿ, ‘ಎರಡೂ ಒಂದೇನಾ?’ ಎಂದು ಕೇಳುವುದು. ಕೂಸು ಹೌದು ಎನ್ನುತ್ತದೆ. ಆಮೇಲೆ ಒಂದು ಲೋಟದ ನೀರನ್ನು ಉದ್ದನೆಯ ಸಣ್ಣ ಲೋಟಕ್ಕೆ ಬಗ್ಗಿಸಿ ಮತ್ತೆ ಅದೇ ಪ್ರಶ್ನೆ ಕೇಳುವುದು. ನಾಲ್ಕೈದು ವರ್ಷದ ಕೂಸು ಉದ್ದದ್ದರಲ್ಲಿ ಜಾಸ್ತಿ ಇದೆ ಎನ್ನುತ್ತದೆ. ಆರೇಳು ವರ್ಷದ ಮೇಲೆಯೇ ನೀರು ಅಷ್ಟೇ ಇದೆ ಎನ್ನುವ ತಿಳಿವಳಿಕೆ ಬರುತ್ತದೆ ಎಂದು ಪಿಯಾಜೆ ಹೇಳಿದರು.

ನಾವೂ ಮಾಡಿದೆವು. ನಮ್ಮ ಹೈಕಳೂ ಹಾಗೇ ಅಂದವು. ‘ಇದ್ರಲ್ಲೇ ಜಾಸ್ತಿ ಅದೆ.’ ‘ಹೆಂಗ್ ಗೊತ್ತು?’ ‘ಉದ್ದುಕ್ಕದಲ್ಲ.’ ನಮ್ಮ ಗೆಳೆಯ ಪುಸ್ತಕದಲ್ಲಿ ಇದ್ದದ್ದು ಸರಿಯಾಯಿತು ಎಂದು ಖುಷಿಯಾದ. ಪಕ್ಕದಲ್ಲಿ ಎಲೆಅಡಿಕೆ ಕುಟ್ಟುತ್ತ ಕೂತಿದ್ದ ಮುದುಕಮ್ಮ ಅಂದಿತು: ‘ಒಂದೇ ಮಾತ ಎಲ್ಡ್ ಸಲ ಕೇಳುದ್ರೆ, ಮೊದ್ಲು ಹೇಳಿದ್ದು ತಪ್ಪು ಅನ್ಕಂಡು ಕೂಸು ಮಾತ ಬದಲಾಯಿಸ್ತದೆ ಕಣಪ್ಪ. ನಾವು ಪೊಲೀಸ್ ಸ್ಟೇಷನ್‌ನಲ್ಲಿ ಹಂಗೇ ಅಲ್ವಾ ಮಾಡೋದು?’

ನಾವು ಬೆಚ್ಚಿದೆವು. ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ 1978ರ ತಮ್ಮ ಪುಸ್ತಕದಲ್ಲಿ ಎತ್ತಿದ ಪ್ರಶ್ನೆ ಇದೇ. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ, ಅದೇ ಪ್ರಶ್ನೆ ಮತ್ತೆ ಕೇಳಿದರೆ ಮಗು ಪ್ರಶ್ನೆಗಲ್ಲ, ಕೇಳುವವರ ಮನಸ್ಸಿಗೆ ಉತ್ತರ ಕೊಡುತ್ತದೆ. ಅವರ ಜೊತೆಗಾರರೊಬ್ಬರು ಲೋಟದ ಬದಲು ಸಾಲಾಗಿಟ್ಟ ಬಿಲ್ಲೆಗಳನ್ನು ಇಟ್ಟು, ಒಂದು ತುಂಟ ಗೊಂಬೆ ಬಂದು ಸಾಲು ಕೆಡಿಸಿದ ಹಾಗೆ ಮಾಡಿ ಕೇಳಿದಾಗ ಎಷ್ಟೋ ಹೆಚ್ಚು ಮಕ್ಕಳು ‘ಅಷ್ಟೇ ಇದೆ’ ಎಂದು ಸರಿಯಾಗಿ ಹೇಳಿದವು. ಸ್ಟೇಷನ್ನಿನ ಬೆಂಚಿನ ಮೇಲೆ ಕಲಿತದ್ದನ್ನು ನಮ್ಮ ಮುದುಕಮ್ಮ ಒಂದೇ ಮಾತಿನಲ್ಲಿ ಹೇಳಿತ್ತು.

ಅವತ್ತಿನಿಂದ ನಾವು ಕೇಳುವುದನ್ನು ಬದಲಿಸಿದೆವು. ‘ಯಾವ್ದು ಜಾಸ್ತಿ?’ ಎಂದು ಪರೀಕ್ಷೆ ಮಾಡುವುದಿಲ್ಲ. ಕೂಸಿನ ಕೈಗೇ ಲೋಟ ಕೊಡುತ್ತೇವೆ. ಅದೇ ಬಗ್ಗಿಸಬೇಕು, ಅದೇ ನಮ್ಮನ್ನು ಕೇಳಬೇಕು. ನಾವು ಬೇಕೆಂದೇ ತಪ್ಪು ಹೇಳುತ್ತೇವೆ. ‘ಉದ್ದದ್ರಲ್ಲೇ ಜಾಸ್ತಿ ಕಣವ್ವ’ ಎಂದರೆ ಕೂಸು ನೀರನ್ನು ವಾಪಸು ಹಳೇ ಲೋಟಕ್ಕೆ ಸುರಿದು, ‘ನೋಡಿಲ್ಲಿ, ಅಷ್ಟೇ ಬಂತಲ್ಲ!’ ಎಂದು ನಮ್ಮನ್ನು ಸೋಲಿಸುತ್ತದೆ. ಎಲ್ಲವೂ ಹೀಗೆ ಮಾಡುವುದಿಲ್ಲ. ಕೆಲವು ಇನ್ನೂ ಉದ್ದದ್ದೇ ಜಾಸ್ತಿ ಎನ್ನುತ್ತವೆ. ಎನ್ನಲಿ. ದೊಡ್ಡವರು ತಪ್ಪು ಹೇಳಬಹುದು, ಅದನ್ನು ಮಾಡಿ ತೋರಿಸಿ ತಿದ್ದಬಹುದು ಎನ್ನುವುದು ಕೂಸಿಗೆ ತಿಳಿದರೆ ಅರ್ಧ ಕೆಲಸ ಆದಂತೆ.

ಸಾಲಿಡುವುದಕ್ಕೆ ಹೈಕಳನ್ನೇ ನಿಲ್ಲಿಸುತ್ತೇವೆ. ನೀನು ಅಣ್ಣನಿಗಿಂತ ಕುಳ್ಳ, ಅಣ್ಣ ಅಕ್ಕನಿಗಿಂತ ಕುಳ್ಳ. ಅಕ್ಕನನ್ನು ಭವನದ ಒಳಗೆ ಕಳಿಸಿ, ‘ನೀನು ಎತ್ತರನೋ ಅಕ್ಕ ಎತ್ತರನೋ?’ ಎಂದು ಕೇಳುವುದು. ಇಬ್ಬರನ್ನು ಒಟ್ಟಿಗೆ ನಿಲ್ಲಿಸದೆ ಹೇಳಬೇಕು. ಮೊದಲ ಎರಡು ಮಾತನ್ನು ಮರೆಯದಂತೆ ನೋಡಿಕೊಂಡರೆ ನಾಲ್ಕು ವರ್ಷದ ಮಕ್ಕಳೂ ಇಂಥದನ್ನು ಹೇಳಬಲ್ಲರು ಎಂದು ಬ್ರಯಾಂಟ್, ಟ್ರಬಾಸೊ ಎಂಬಿಬ್ಬರು 1971ರಲ್ಲೇ ತೋರಿಸಿದ್ದಾರೆ. ಜೋಡಿ ಮಾಡುವುದಕ್ಕೆ ನಮ್ಮ ಅಳಿಗುಳಿ ಮಣೆ ಇದೆ. ಆಟದ ನಿಯಮವೆಲ್ಲ ಆ ವಯಸ್ಸಿಗೆ ಬೇಡ. ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕುತ್ತ ಹೋದರೆ ಸಾಕು. ಎಣಿಕೆಯ ಬೇರು ಅದೇ.

*

ನಮ್ಮ ಪಾಲಿಗೆ ಇದೆಲ್ಲ ಹೊಸದು ಎಂದುಕೊಂಡಿದ್ದೆವು. ಓದುತ್ತ ಹೋದಂತೆ, ನಮ್ಮಂಥವರ ಮಕ್ಕಳ ನಡುವೆಯೇ ಹುಟ್ಟಿದ್ದನ್ನು ನಮ್ಮಿಂದ ಎತ್ತಿಕೊಂಡು ಹೋಗಿದ್ದಾರೆ ಎಂದು ಗೊತ್ತಾಯಿತು. ಇಟಲಿಯ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ, ರೋಮಿನ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ. ಇವತ್ತು ಪೇಟೆಯಲ್ಲಿ ಮಾಂಟೆಸ್ಸರಿ ಎಂಬ ಬೋರ್ಡು ಕಂಡರೆ ಅಲ್ಲಿಗೆ ನಮ್ಮಂಥವರು ಹೋಗುವಂತಿಲ್ಲ ಎಂದೇ ಅರ್ಥ.

‘ಅಂಗನವಾಡಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಸಣ್ಣ ಮಕ್ಕಳ ಕೇಂದ್ರ ತೆರೆದರು. ದಲಿತರ ಮಕ್ಕಳು ಅಲ್ಲಿಗೆ ಬರಲಿಲ್ಲ. ಆಗ ಅವರು ಶಾಲೆಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ಅಂಗಳದಲ್ಲಿ ನಡೆದದ್ದಕ್ಕೆ ಅಂಗನವಾಡಿ. ಮುಂದೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಮೂರರಿಂದ ಎಂಟು ವರ್ಷವನ್ನು ಬುನಾದಿ ಹಂತ ಎಂದು 2020ರ ಹೊಸ ಶಿಕ್ಷಣ ನೀತಿಯೂ ಹೇಳಿದೆ. ಹೇಳುವುದು ಸುಲಭ. ಕಾರ್ಯಕರ್ತೆ ತೂಕ ಮಾಡಬೇಕು, ಅಡುಗೆ ನೋಡಬೇಕು, ಲಸಿಕೆ ನೋಡಬೇಕು, ಮೊಬೈಲಿನಲ್ಲಿ ವರದಿ ತುಂಬಬೇಕು. ಕೂಸು ‘ಯಾಕೆ’ ಅಂದರೆ ಕೇಳಿಸಿಕೊಳ್ಳಲು ಅವಳಿಗೆ ಹೊತ್ತೆಲ್ಲಿ?

ಕೇರಿಯ ಅಂಗಳದಲ್ಲಿ ಹುಟ್ಟಿದ ಅಂಗನವಾಡಿ ನಮ್ಮೂರಲ್ಲಿ ಊರೊಳಗೆ ಇದೆ. ನಮ್ಮಲ್ಲೊಬ್ಬಳು ಅಲ್ಲಿ ಸಹಾಯಕಿಯಾಗಿ ಅಡುಗೆಗೆ ನಿಂತ ವಾರವೇ ಹತ್ತೊಂಬತ್ತು ಮಕ್ಕಳಲ್ಲಿ ಎಂಟು ಮಕ್ಕಳು ಬರುವುದು ನಿಂತಿತು. ಯಾರೂ ಏನೂ ಬಾಯಿ ಬಿಟ್ಟು ಹೇಳಲಿಲ್ಲ. ಒಂದಕ್ಕೆ ಜ್ವರ, ಒಂದು ಅಜ್ಜಿ ಊರಿಗೆ ಹೋಗಿದೆ, ಒಂದಕ್ಕೆ ಆ ಅನ್ನ ಒಗ್ಗುವುದಿಲ್ಲ.

*

ಈಗ ಹೇಳಬೇಕಾದ ಸಂಗತಿಗೆ ಬರುತ್ತೇವೆ.

ಒಂದು ಸಂಜೆ ಕೆರೆಯ ಜೇಡಿಮಣ್ಣಿನಲ್ಲಿ ಮಾಡಿದ ಹತ್ತು ಗೊಂಬೆಗಳನ್ನು ಒಣಗಲು ಇಟ್ಟಿದ್ದೆವು. ಎಲ್ಲ ಒಂದೇ ಮಣ್ಣು, ಹೆಚ್ಚು ಕಡಿಮೆ ಒಂದೇ ಆಕಾರ. ಜಾಗ ಸಾಲದೆ ನಾಲ್ಕನ್ನು ಭವನದ ಜಗಲಿಯ ಮೇಲೆ, ಆರನ್ನು ಕೆಳಗೆ ಇಟ್ಟಿದ್ದೆವು. ಐದು ವರ್ಷದ ಹುಡುಗಿಯೊಬ್ಬಳು ಬಂದು ಆಡತೊಡಗಿದಳು. ಅವಳನ್ನು ನಾವೆಲ್ಲ ಪುಟ್ಟಿ ಅನ್ನುತ್ತೇವೆ.

‘ಇವು ಊರೋರು, ಇವು ನಾವು’ ಅಂದಳು.

ನಾವು ರೂಢಿಯಂತೆ ಕೇಳಿದೆವು: ‘ಹೆಂಗ್ ಗೊತ್ತವ್ವ?’

‘ಇವು ಜಗಲಿ ಮ್ಯಾಲ್ ಕೂತವೆ. ಇವು ಕೆಳುಗ್ ಕೂತವೆ.’

ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಜಾತಿ ಎಂದರೆ ಏನೆಂದು ನಾವು ಹೇಳಿರಲಿಲ್ಲ. ಅವರಪ್ಪ ಅವ್ವ ಹೇಳಿರಲಿಲ್ಲ. ಬೀಜ, ಗುಂಡಿ, ಕಲ್ಲು ವಿಂಗಡಿಸುವುದನ್ನು ನಾವು ಕಲಿಸುವ ಮೊದಲೇ ಊರು ಅವಳಿಗೆ ಮನುಷ್ಯರನ್ನು ವಿಂಗಡಿಸುವುದನ್ನು ಕಲಿಸಿತ್ತು. ಈ ದೇಶದ ಕೂಸು ಮೊದಲು ಕಲಿಯುವ ವಿಂಗಡಣೆ ಇದು. ನಾವು ಮರದಡಿ ಕೂತು ಏನು ಕಲಿಸಿದರೂ ಈ ಪಾಠದ ಮೇಲೇ ಕಲಿಸಬೇಕು.

ಗಾರೆ ಕೆಲಸದ ಗೆಳೆಯ ಎದ್ದು ಹೋಗಿ, ಏನೂ ಮಾತಾಡದೆ, ಮೇಲಿನ ನಾಲ್ಕು ಗೊಂಬೆಯನ್ನು ಕೆಳಗಿಟ್ಟು ಕೆಳಗಿನ ಆರನ್ನು ಮೇಲಿಟ್ಟ. ‘ಈಗ?’ ಅಂದ.

ಪುಟ್ಟಿ ನೋಡಿದಳು. ‘ಈಗ ಇವು ಊರೋರು.’ ಆಮೇಲೆ ನಗಲು ಶುರು ಮಾಡಿದಳು. ತಾನೇ ಗೊಂಬೆಗಳನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡಿದಳು. ‘ಈಗಿವು ನಾವು, ಈಗಿವು ಊರೋರು.’ ಕೊನೆಗೆ ಹತ್ತನ್ನೂ ಜಗಲಿಯ ಮೇಲಿಟ್ಟು, ‘ಈಗ್ ಯಾರೂ ಇಲ್ಲ’ ಅಂದಳು.

ಜಾತಿ ಗೊಂಬೆಯೊಳಗಿಲ್ಲ, ಮಣ್ಣಿನೊಳಗಿಲ್ಲ, ಇಟ್ಟ ಜಾಗದಲ್ಲಿದೆ. ದೊಡ್ಡ ದೊಡ್ಡ ಭಾಷಣಗಳಲ್ಲಿ ನಾವು ಹೇಳಲು ಹೆಣಗುವುದನ್ನು ಒಂದು ಕೂಸು ಹತ್ತು ಗೊಂಬೆ ಇಟ್ಟುಕೊಂಡು ಕಂಡುಕೊಂಡಿತು. ವಿಂಗಡಿಸಲು ಕಲಿಸುವಾಗ ವಿಂಗಡಣೆಯ ನಿಯಮ ಯಾವುದು ಎಂದು ಕೇಳಲು ಕಲಿಸಿ. ನಿಯಮ ಬದಲಾದರೆ ಗುಂಪು ಬದಲಾಗುತ್ತದೆ ಎನ್ನುವುದು ಕೂಸಿಗೆ ಕಾಣಲಿ. ನಾವು ಎರಡು ವರ್ಷದಲ್ಲಿ ಕಲಿತ ದೊಡ್ಡ ಪಾಠ ಅದು.

*

ಇಲ್ಲಿಗೇ ನಿಲ್ಲಿಸಿದರೆ ಕತೆ ಚೆಂದ. ಆದರೆ ಮುಂದಿನದನ್ನೂ ಹೇಳಬೇಕು.

ಹದಿನೈದು ದಿನದ ಮೇಲೆ ಪುಟ್ಟಿ ಅವರವ್ವನ ಜೊತೆ ಕಳೆ ಕೀಳುವಲ್ಲಿಗೆ ಹೋಗಿದ್ದಳು. ಗೌಡರ ಮನೆಯಾಕೆ ಕೂಲಿಯವರಿಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರು, ಬೊಗಸೆಗೆ. ಪುಟ್ಟಿ ಕೇಳಿದಳು: ‘ಯಾಕ್ ಲೋಟ ಕೊಡಲ್ಲ? ನೀರು ಅಷ್ಟೇ ಅಲ್ವಾ ಇರದು?’ ಲೋಟದಿಂದ ಲೋಟಕ್ಕೆ ಬಗ್ಗಿಸಿದರೂ ನೀರು ಅಷ್ಟೇ ಎಂದು ಅವಳಿಗೆ ಕಲಿಸಿದವರು ನಾವು.

‘ನಿನ್ ಮಗಳಿಗೆ ಬಾಯಿ ಜಾಸ್ತಿ ಆಯ್ತು’ ಅಂದರು ಆಕೆ. ನಗುತ್ತಲೇ ಅಂದರು. ಮಾರನೇ ದಿನದಿಂದ ಪುಟ್ಟಿಯ ಅವ್ವನನ್ನು ಕೂಲಿಗೆ ಕರೆಯಲಿಲ್ಲ. ಕಳೆಯ ಕಾಲ ಪೂರ್ತಿ ಕರೆಯಲಿಲ್ಲ.

ಅವಳು ನಮ್ಮ ಹತ್ತಿರ ಬಂದು ನಿಂತಳು. ‘ನೀವು ಬುದ್ಧಿ ಕಲ್ಸೋದು ನಮ್ ಹೊಟ್ಟೆ ಮ್ಯಾಲೆ ಬಿತ್ತು ಕಣ್ರಪ್ಪ. ಮನೇಲಿ ಅವಳಿಗೆ ಹೊಡ್ದೆ. ಹೊಡೆದು ನಾನೂ ಅತ್ತೆ. ಏನ್ ಮಾಡ್ಲಿ ಹೇಳಿ.’

ನಮ್ಮಲ್ಲಿ ಉತ್ತರ ಇರಲಿಲ್ಲ. ಕೂಲಿ ಕೊಡುವ ಕೈ ಅವರದು. ನಮ್ಮ ನಾಲ್ವರ ದುಡಿಮೆಯಿಂದ ಒಂದಿಷ್ಟು ಅಕ್ಕಿ ರಾಗಿ ಹಾಕಿಕೊಟ್ಟೆವು, ಆಕೆಗೆ ನರೇಗಾ ಕೆಲಸಕ್ಕೆ ಅರ್ಜಿ ಬರೆದುಕೊಟ್ಟೆವು. ಅದು ಉತ್ತರವಲ್ಲ. ಒಂದು ತಿಂಗಳು ಪುಟ್ಟಿ ಮರದಡಿ ಬರಲಿಲ್ಲ. ನಾವೂ ಆ ತಿಂಗಳು ರಾತ್ರಿ ರಾತ್ರಿ ಕೂತು ಮಾತಾಡಿದೆವು. ನಿಲ್ಲಿಸೋಣ ಎಂದು ಒಬ್ಬ ಅಂದ. ನಮ್ಮ ಅವ್ವಂದಿರು ಬಾಯಿಗೆ ಹೊಡೆದದ್ದೇ ಸರಿ ಇತ್ತೇನೋ ಎಂದು ಒಬ್ಬಳು ಅಂದಳು.

ಬಾಬಾಸಾಹೇಬರು ತಮ್ಮ ಬಾಲ್ಯವನ್ನು ಬರೆದಿದ್ದಾರೆ. ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಅಂಥ ಕೂಸು ಯಾಕೆ ಎಂದು ಕೇಳುವುದನ್ನು ಬಿಟ್ಟಿದ್ದರೆ ಇವತ್ತು ನಾವು ಹೀಗೆ ಕೂತು ಬರೆಯುವಂತಿರಲಿಲ್ಲ. ಪರಂಪರೆಯಿಂದ ಬಂತೆಂದು, ಗುರು ಹೇಳಿದನೆಂದು ಯಾವುದನ್ನೂ ಒಪ್ಪಬೇಡಿ, ನೀವೇ ನೋಡಿ ತಿಳಿಯಿರಿ ಎಂದು ಕಾಲಾಮರಿಗೆ ಹೇಳಿದ ಬುದ್ಧನ ದಾರಿಗೆ ಅವರು 1956ರಲ್ಲಿ ಹೋದದ್ದು ಸುಮ್ಮನಲ್ಲ.

ಕೊನೆಗೆ ನಾವು ಒಂದು ತೀರ್ಮಾನಕ್ಕೆ ಬಂದೆವು. ಕೂಸಿನ ‘ಯಾಕೆ’ಗೆ ಮೂರೇ ಉತ್ತರ ಉಂಟು. ಮೊದಲನೆಯದು, ‘ಕಾರಣ ಇದು.’ ಕೋಳಿಯ ಮೈ ಭಾರ, ಅದಕ್ಕೆ ದೂರ ಹಾರಲ್ಲ. ಎರಡನೆಯದು, ‘ನನಗೆ ಗೊತ್ತಿಲ್ಲ, ಇಬ್ಬರೂ ನೋಡೋಣ ಬಾ.’ ಇದನ್ನು ಹೇಳಲು ನಾಚಬಾರದು. ಮೂರನೆಯದು, ‘ಇದಕ್ಕೆ ಕಾರಣವೇ ಇಲ್ಲ. ಕಾರಣ ಇಲ್ಲದಿದ್ದರೂ ಅವರು ಮಾಡ್ತಾರೆ. ಅದು ತಪ್ಪು. ಕಾನೂನೂ ತಪ್ಪು ಅಂತದೆ. ಬದಲಾಯಿಸೋಕೆ ನಾವು ಓಡಾಡ್ತಾ ಇದ್ದೀವಿ. ನೀನು ಕೇಳಿದ್ದು ಸರಿ.’ ಏಟಾಗಲಿ, ‘ಹಂಗೆಲ್ಲ ಕೇಳ್ಬಾರ್ದು’ ಎನ್ನುವುದಾಗಲಿ ಉತ್ತರವೇ ಅಲ್ಲ.

ಜೊತೆಗೆ ಇನ್ನೊಂದನ್ನೂ ಕಲಿಸತೊಡಗಿದೆವು. ಎಲ್ಲಿ ಕೇಳಿದರೆ ಏನಾಗುತ್ತದೆ ಎಂದು ಊಹಿಸುವುದು. ಮಳೆಮೋಡ ಕಂಡರೆ ಗೋಣಿಕೊಪ್ಪೆ ಹಿಡಿಯುವ ಹಾಗೆ. ಇದು ಹೆದರಿಕೆ ಕಲಿಸಿದಂತೆ ಅಲ್ಲವೇ ಎಂದು ನಮ್ಮೊಳಗೇ ಜಗಳವಾಯಿತು. ಜಗಳ ಇನ್ನೂ ಮುಗಿದಿಲ್ಲ. ಪ್ರಶ್ನೆಯನ್ನು ಕೊಲ್ಲುವುದು ಬೇರೆ, ಪ್ರಶ್ನೆಯನ್ನು ಜೋಪಾನವಾಗಿ ಇಟ್ಟುಕೊಂಡು ಹತ್ತು ಜನ ಸೇರಿ ಕೇಳುವುದು ಬೇರೆ ಎನ್ನುವವರೆಗೆ ಮಾತ್ರ ಒಪ್ಪಿದ್ದೇವೆ. ಲೋಟದ ಪ್ರಶ್ನೆಯನ್ನು ಐದು ವರ್ಷದ ಕೂಸು ಒಂಟಿಯಾಗಿ ಕೇಳಬೇಕಾಗಿ ಬಂದದ್ದು ದೊಡ್ಡವರಾದ ನಮ್ಮ ತಪ್ಪು. ಅದನ್ನು ನಾವು ಕೇಳಬೇಕಿತ್ತು.

ಅಂಗನವಾಡಿಯಲ್ಲಿ ಬಿಟ್ಟುಹೋದ ಎಂಟು ಮಕ್ಕಳಲ್ಲಿ ಒಂದು ಹುಡುಗ ಒಂದು ದಿನ ಊಟದ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತ. ಮೊಟ್ಟೆ ಬೇಯಿಸಿದ ವಾಸನೆಗೆ ಬಂದಿರಬೇಕು. ಒಳಗಿದ್ದ ಕೇರಿಯ ಕೂಸೊಂದು ಕೇಳಿತು: ‘ನೀನ್ಯಾಕ್ ತಿನ್ನಲ್ಲ?’ ‘ತಿಂದ್ರೆ ಏನೋ ಆಯ್ತದಂತೆ.’ ‘ಏನಾಯ್ತದೆ? ನಾನ್ ತಿಂದೆ, ಏನೂ ಆಗ್ಲಿಲ್ಲ. ನೋಡ್ಬೇಕಾದ್ರೆ ನೀನೂ ತಿನ್ನು.’ ಆ ಹುಡುಗ ತಿಂದ. ಸ್ವಲ್ಪ ಹೊತ್ತು ಹೊಟ್ಟೆ ಮುಟ್ಟಿಕೊಂಡು ಕೂತ. ಆಮೇಲೆ ‘ಏನೂ ಆಗ್ಲಿಲ್ಲ’ ಅಂದ. ಮನೆಗೆ ಹೋಗಿ ಅಲ್ಲೂ ಅದನ್ನೇ ಹೇಳಿದನಂತೆ. ಮುಂದಿನ ತಿಂಗಳು ಅವನನ್ನು ಪೇಟೆಯ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದರು. ಆದರೂ ಊಹೆ ಮಾಡಿ, ತಿಂದು ನೋಡಿ, ಸುಳ್ಳೆಂದು ತಿಳಿದದ್ದನ್ನು ಅವನ ತಲೆಯಿಂದ ಅವರು ಹೇಗೆ ತೆಗೆಯುತ್ತಾರೆ?

*

ಪುಟ್ಟಿ ಮತ್ತೆ ಬರುತ್ತಿದ್ದಾಳೆ. ಅವರವ್ವನೇ ಕರೆದುಕೊಂಡು ಬಂದು ಬಿಟ್ಟುಹೋದಳು. ಏನೂ ಹೇಳಲಿಲ್ಲ.

ಮೊನ್ನೆ ಮಾರಿಹಬ್ಬದ ತಮಟೆಗೆ ನಮ್ಮವರು ಹೊರಟಾಗ ಹೈಕಳೂ ಹಿಂದೆ ಬಂದವು. ಗುಡಿಯ ಮುಂದೆ ನಿಂತೆವು. ಹಳೇ ಜಗಲಿ ಹೋಗಿ, ಈಗ ಬೂದುಬಣ್ಣದ ಕಲ್ಲು ಹಾಸಿದ ಹೊಸ ಜ‌ಗಲಿ. ನಾವು ಕೆಳಗೇ ನಿಂತಿದ್ದೆವು, ಮೂವತ್ತು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ.

ಪುಟ್ಟಿ ಗಾರೆ ಕೆಲಸದ ಗೆಳೆಯನ ಪಂಚೆ ಎಳೆದು ಕೇಳಿದಳು: ‘ಮಾವ, ಈ ಜಗಲಿ ಯಾರ್ ಕಟ್ಟಿದ್ದು?’

‘ನಾನೇ ಕಣವ್ವ. ನಾನೂ ನಿಮ್ಮಪ್ಪನೂ. ಮೂರ್ ವರ್ಷ ಆಯ್ತು.’

‘ಕಟ್ಟುವಾಗ ಮ್ಯಾಲ್ ಹತ್ತಿದ್ರಾ?’

‘ಹತ್ತದೆ ಕಟ್ಟಕ್ಕಾಯ್ತದಾ?’

‘ಈಗ್ಯಾಕ್ ಹತ್ತಲ್ಲ?’

ಅವನು ಸುತ್ತ ನೋಡಿದ. ನಮ್ಮ ಅವ್ವ ಅವತ್ತು ನೋಡಿದ ಹಾಗೇ ನೋಡಿದ. ಜನ ಇದ್ದರು, ಕೇಳಿಸಿಕೊಳ್ಳುತ್ತಲೂ ಇದ್ದರು. ಅವನ ಕೈ ಮೇಲೇಳಲಿಲ್ಲ. ಬಗ್ಗಿ ಅವಳನ್ನು ಎತ್ತಿಕೊಂಡು, ಪಕ್ಕದವರಿಗೂ ಕೇಳುವಷ್ಟು ಜೋರಾಗಿ ಹೇಳಿದ: ‘ಕಾರಣ ಇಲ್ಲ ಕಣವ್ವ. ಇದಕ್ಕೆ ಕಾರಣವೇ ಇಲ್ಲ.’